ಸಮುದ್ರದಲ್ಲಿ ಸುಳಿ ತಿರುಗಿದ್ರೆ ಆಕ್ಸಿಜನ್ ಜಾಸ್ತಿ ಆಗುತ್ತಾ, ಕಮ್ಮಿ ಆಗುತ್ತಾ?

ನೀಲಿಗೆರೆ:

ನಮಸ್ಕಾರ ಎಲ್ರಿಗೂ. ಎರಡು ದಿನದಿಂದ ತಲೆಗೆ ಹುಳ ಬಿಟ್ಕೊಂಡು ಕೂತಿದೀನಿ, ಯಾರಾದ್ರೂ ಬಿಡಿಸಿ ಹೇಳಿ. ಸಮುದ್ರದಲ್ಲಿ ದೊಡ್ಡ ದೊಡ್ಡ ಸುಳಿ ಇರ್ತವಂತೆ, ನೂರು ಕಿಲೋಮೀಟರ್ ಅಗಲದ್ದು, ತಿಂಗಳುಗಟ್ಟಲೆ ತಿರುಗ್ತಾನೇ ಇರೋವು. ಉಷ್ಣವಲಯದ ಸಮುದ್ರಗಳಲ್ಲಿ ಆಕ್ಸಿಜನ್ ಎಷ್ಟಿರುತ್ತೆ ಅನ್ನೋದಕ್ಕೂ ಇವಕ್ಕೂ ಸಂಬಂಧ ಇದೆ ಅಂತ ಓದ್ದೆ. ಒಂದು ಕಡೆ, ಸುಳಿ ನೀರನ್ನ ಕಲಕಿ ಆಕ್ಸಿಜನ್ ಇಲ್ಲದ ಜಾಗಕ್ಕೆ ಆಕ್ಸಿಜನ್ ತಲುಪಿಸುತ್ತೆ ಅಂತಿದೆ. ಇನ್ನೊಂದು ಕಡೆ, ಸುಳಿಯ ಒಳಗೇ ಆಕ್ಸಿಜನ್ ಖಾಲಿಯಾಗಿ ಮೀನು ಬದುಕಕ್ಕಾಗದ ಸತ್ತ ವಲಯ ಆಗುತ್ತೆ ಅಂತಿದೆ. ಎರಡೂ ಹೆಂಗ್ರೀ ನಿಜ ಆಗುತ್ತೆ? ನನಗೆ ಹೊಳೆಯೋದು ಇಷ್ಟೇ, ನೀರು ಕಲಕಿದ್ರೆ ಗಾಳಿ ಸೇರುತ್ತೆ, ಅಕ್ವೇರಿಯಂಗೆ ಪಂಪ್ ಹಾಕಲ್ವಾ ಹಂಗೆ. ತಿರುಗ್ತಾ ಇರೋ ನೀರಲ್ಲಿ ಉಸಿರು ಕಟ್ಟೋದು ಹೆಂಗೆ?

ನಾನು ಕಾಮರ್ಸ್ ಓದಿದೋನು, ದಯವಿಟ್ಟು ಫಾರ್ಮುಲಾ ಬೇಡ.

ಅಲೆಮಾರಿ77:

ಸುಳಿ ಅಂದ್ರೇನೇ ಎಲ್ಲಾನೂ ಒಳಗೆ ಎಳ್ಕೊಳ್ಳೋದು. ಮೇಲಿನ ನೀರು ಒಳಗೆ ಹೋದ್ರೆ ಆಕ್ಸಿಜನ್ನೂ ಹೋಗುತ್ತೆ, ಹಂಗಾಗಿ ಜಾಸ್ತಿನೇ ಆಗ್ಬೇಕು. ಸತ್ತ ವಲಯ ಎಲ್ಲ ನದಿಯಿಂದ ಬರೋ ಗೊಬ್ಬರದಿಂದ ಆಗೋದು, ಅದಕ್ಕೂ ಸುಳಿಗೂ ಎಲ್ಲಿಂದೆಲ್ಲಿಗೆ ಸಂಬಂಧ.

ಉಪ್ಪುಗಾಳಿ:

@ಅಲೆಮಾರಿ77 ಅವರೇ ಬೇಜಾರಾಗ್ಬೇಡಿ, ಆದ್ರೆ ನಿಮ್ಮ ಮನಸ್ಸಲ್ಲಿರೋದು ಹೊಳೆಯ ಮಡುವಿನ ಸುಳಿ. ಅದು ಬೇರೆ, ಇದು ಬೇರೆ. ಕನ್ನಡದಲ್ಲಿ ಎರಡಕ್ಕೂ ಸುಳಿ ಅಂತಲೇ ಅನ್ನೋದ್ರಿಂದ ಈ ಗೊಂದಲ, ಇಂಗ್ಲಿಷಿನೋರು ಇದನ್ನ ಎಡ್ಡಿ ಅಂತಾರೆ. ಸಮುದ್ರದ ಎಡ್ಡಿ ಮಧ್ಯೆ ತೂತು ಇರಲ್ಲ, ಹಡಗು ನುಂಗಲ್ಲ. ನೀವು ಅದರ ನಡುಮಧ್ಯೆ ದೋಣೀಲಿ ಕೂತಿದ್ರೂ ನಿಮಗೆ ಗೊತ್ತೇ ಆಗಲ್ಲ. ಆಕಾರ ಹೆಂಗಿರುತ್ತೆ ಅಂದ್ರೆ ಹಳೇ ಸಿಡಿ ನೆನಪಿದ್ಯಲ್ಲ, 12 ಸೆಂಟಿಮೀಟರ್ ಅಗಲ, ಮಿಲಿಮೀಟರ್ ಲೆಕ್ಕದ ದಪ್ಪ, ಎಡ್ಡಿನೂ ಅಷ್ಟೇ, 100 ಕಿಲೋಮೀಟರ್ ಅಗಲ ಇದ್ರೆ ಆಳ ಹೆಚ್ಚೂಕಮ್ಮಿ ಒಂದು ಕಿಲೋಮೀಟರ್. ಅಂಥ ಚಪ್ಪಟೆ ಬಿಲ್ಲೆ ಭೂಮಿ ತಿರುಗೋದರ ಪ್ರಭಾವದಲ್ಲಿ ತನ್ನಷ್ಟಕ್ಕೆ ತಾನು ಸುತ್ತುತ್ತಾ ನಿಧಾನಕ್ಕೆ ಪಶ್ಚಿಮಕ್ಕೆ ಜಾರ್ತಾ ಹೋಗುತ್ತೆ.

ಈಗ @ನೀಲಿಗೆರೆ ಅವರ ಪ್ರಶ್ನೆ. ಕಾಮರ್ಸ್ ಅಂದ್ರಲ್ಲ, ಒಳ್ಳೇದೇ ಆಯ್ತು, ಇದು ಪೂರ್ತಿ ಜಮಾಖರ್ಚಿನ ವಿಷಯ.

ಸಮುದ್ರದ ನೀರಿಗೆ ಆಕ್ಸಿಜನ್ ಜಮಾ ಆಗೋದು ಎರಡೇ ದಾರೀಲಿ. ಒಂದು ಮೇಲಿರೋ ಗಾಳಿಯಿಂದ, ಇನ್ನೊಂದು ಬಿಸಿಲು ಬೀಳೋ ಪದರದಲ್ಲಿರೋ ಸೂಕ್ಷ್ಮ ಪಾಚಿಗಳಿಂದ. ಎರಡೂ ಮೇಲ್ಗಡೆಯೇ. ಖರ್ಚು ಮಾತ್ರ ಎಲ್ಲಾ ಆಳದಲ್ಲೂ ಇದೆ, ಯಾಕಂದ್ರೆ ಸತ್ತ ಪಾಚಿ, ಹಿಕ್ಕೆ, ಚೂರುಪಾರು ಎಲ್ಲ ಕೆಳಗೆ ಉದುರ್ತಾ ಇರುತ್ತೆ, ಬ್ಯಾಕ್ಟೀರಿಯಾ ಅದನ್ನ ತಿಂದು ಆಕ್ಸಿಜನ್ ಉರಿಸ್ತವೆ. ಮೊದಲೇ ಬಂಡವಾಳ ಕಮ್ಮಿ, ಒಂದು ಲೀಟರ್ ಗಾಳೀಲಿ 200 ಮಿಲಿಲೀಟರ್‌ಗೂ ಜಾಸ್ತಿ ಆಕ್ಸಿಜನ್ ಇದ್ರೆ ಒಂದು ಲೀಟರ್ ಬೆಚ್ಚಗಿನ ಸಮುದ್ರದ ನೀರಲ್ಲಿ ಇರೋದು 5 ಮಿಲಿಲೀಟರ್ ಒಳಗೆ. ನೀರು ಬಿಸಿಯಾದಷ್ಟೂ ಹಿಡ್ಕೊಳ್ಳೋ ಶಕ್ತಿ ಕಮ್ಮಿ. ಅದರ ಮೇಲೆ ಉಷ್ಣವಲಯದಲ್ಲಿ ಬೆಚ್ಚಗಿನ ಹಗುರ ನೀರು ತಣ್ಣನೆ ಭಾರದ ನೀರಿನ ಮೇಲೆ ಮುಚ್ಚಳದ ಥರ ಕೂತಿರುತ್ತೆ, ಗಾಳಿ ಬೀಸಿದ್ರೂ ಆ ಮುಚ್ಚಳ ಅಷ್ಟು ಸುಲಭಕ್ಕೆ ತೆರ್ಕೊಳ್ಳಲ್ಲ. ಹಂಗಾಗಿ ಪೂರ್ವ ಪೆಸಿಫಿಕ್, ಪೂರ್ವ ಅಟ್ಲಾಂಟಿಕ್, ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿ ಈ ನಾಲ್ಕೂ ಕಡೆ ನೂರಿನ್ನೂರು ಮೀಟರ್ ಕೆಳಗಿಂದ ಶುರುವಾಗಿ ನೂರಾರು ಮೀಟರ್ ದಪ್ಪದ ಆಕ್ಸಿಜನ್ ಬಡತನದ ಪದರ ಇದೆ. ಇದು ಯಾರ ಗೊಬ್ಬರವೂ ಅಲ್ಲ, ಮನುಷ್ಯರು ಹುಟ್ಟೋಕೆ ಮುಂಚಿಂದ ಇದ್ದದ್ದು, ನಾವು ಈಗ ಹಿಗ್ಗಿಸ್ತಾ ಇದೀವಿ ಅಷ್ಟೇ.

ಈ ಪದರಕ್ಕೆ ಆಕ್ಸಿಜನ್ ಬರಬೇಕಂದ್ರೆ ಪಕ್ಕದಿಂದ ಬರಬೇಕು. ದೊಡ್ಡ ಪ್ರವಾಹಗಳು ಈ ಮೂಲೆಗಳಿಗೆ ಸರಿಯಾಗಿ ತಲುಪಲ್ಲ, ಹೆದ್ದಾರಿ ಬಿಟ್ಟು ಒಳಗಿರೋ ಊರಿನ ಥರ. ಅಲ್ಲಿ ಕೆಲಸಕ್ಕೆ ಬರೋದೇ ಈ ಸುಳಿಗಳು. ಸಾವಿರಾರು ಸುಳಿ ಒಂದಕ್ಕೊಂದು ಡಿಕ್ಕಿ ಹೊಡೀತಾ, ಹರೀತಾ, ಎಳೆ ಎಳೆಯಾಗಿ ನೀರನ್ನ ಆಕಡೆ ಈಕಡೆ ಎಳೆದಾಡಿ ಹೊರಗಿನ ಆಕ್ಸಿಜನ್ ಇರೋ ನೀರನ್ನ ಬಡ ಪದರದೊಳಗೆ ಬೆರೆಸ್ತವೆ. ಪೂರ್ವ ಉಷ್ಣವಲಯದ ಅಟ್ಲಾಂಟಿಕ್‌ನಲ್ಲಿ ಲೆಕ್ಕ ಹಾಕಿದಾಗ ಪಕ್ಕದಿಂದ ಬರೋ ಜಮಾದಲ್ಲಿ ಇವುಗಳದ್ದೇ ದೊಡ್ಡ ಪಾಲು. ನೀವು ಓದಿದ ಮೊದಲನೇ ಮಾತು ಇದು. ನಿಜ.

ಎರಡನೇದಕ್ಕೆ ಬನ್ನಿ. ಬಾಗಿಲು ಕಿಟಕಿ ಎಲ್ಲ ಹಾಕಿರೋ ರೂಮಲ್ಲಿ ಹತ್ತು ಜನ ಕೂತು ಫ್ಯಾನ್ ಹಾಕ್ಕೊಂಡ್ರೆ ಹೊಸ ಗಾಳಿ ಬರುತ್ತಾ? ಗಾಳಿ ತಿರುಗುತ್ತೆ, ಆದ್ರೆ ಅದೇ ಗಾಳಿ. ಕೆಲವು ಸುಳಿ ಹಂಗೆ ಗಟ್ಟಿಯಾಗಿ ಮುಚ್ಕೊಂಡಿರ್ತವೆ, ಸುತ್ತೋ ವೇಗ ಸಾಗೋ ವೇಗಕ್ಕಿಂತ ಎಷ್ಟೋ ಜಾಸ್ತಿ ಇರೋದ್ರಿಂದ ಒಳಗಿನ ನೀರು ಹೊರಗೆ ಹೋಗಲ್ಲ, ಹೊರಗಿಂದು ಒಳಗೆ ಬರಲ್ಲ. ಅಂದ್ರೆ ಜಮಾ ಬಂದ್, ಖರ್ಚು ಮಾತ್ರ ಚಾಲೂ. ನಾಲ್ಕೈದು ತಿಂಗಳು ಹಂಗೇ ಹೋದ್ರೆ ಅಕೌಂಟ್ ಸೊನ್ನೆ.

ನೀಲಿಗೆರೆ:

ಅಯ್ಯೋ ಫ್ಯಾನ್ ಉದಾಹರಣೆ ಸಖತ್, ಒಂದೇ ಏಟಿಗೆ ಅರ್ಥ ಆಯ್ತು. ಹಂಗಂದ್ರೆ ಸುಳಿಗಳ ಗುಂಪು ಒಟ್ಟಿಗೆ ಸೇರಿ ಆಕ್ಸಿಜನ್ ತರ್ತವೆ, ಆದ್ರೆ ಒಂಟಿ ಸುಳಿ ಒಳಗೆ ಖಾಲಿ ಆಗ್ಬಹುದು, ಸರಿನಾ? ಇದು ಬರೀ ಥಿಯರಿನಾ ಅಥವಾ ಯಾರಾದ್ರೂ ಅಳೆದು ನೋಡಿದಾರಾ?

ಉಪ್ಪುಗಾಳಿ:

ಸರಿ. ಅಳೆದಿದಾರೆ, ಅದೂ ಹೆಚ್ಚೂಕಮ್ಮಿ ಆಕಸ್ಮಿಕವಾಗಿ. ಆಫ್ರಿಕಾದ ಪಶ್ಚಿಮಕ್ಕೆ ಅಟ್ಲಾಂಟಿಕ್‌ನಲ್ಲಿ ಕೇಪ್ ವರ್ಡೆ ಅಂತ ದ್ವೀಪಗಳಿವೆ, ಅದರ ಉತ್ತರಕ್ಕೆ ಸಮುದ್ರದ ತಳಕ್ಕೆ ಲಂಗರು ಹಾಕಿ ಉದ್ದಕ್ಕೆ ಕೇಬಲ್ ನಿಲ್ಲಿಸಿ ಸೆನ್ಸರ್ ಕಟ್ಟಿದಾರೆ. ಆ ಭಾಗದಲ್ಲಿ ತೆರೆದ ಸಮುದ್ರದ ಆಕ್ಸಿಜನ್ ಎಷ್ಟೇ ಇಳಿದ್ರೂ ಕೆಜಿ ನೀರಿಗೆ 40 ಮೈಕ್ರೋಮೋಲ್ ಆಸುಪಾಸಲ್ಲಿ ನಿಲ್ಲುತ್ತೆ ಅಂತ ಎಲ್ರೂ ನಂಬಿದ್ರು (ಯೂನಿಟ್ ಬಿಡಿ, ನಂಬರ್ ಮಾತ್ರ ಹೋಲಿಸಿ, ಮೇಲ್ಮೈಯಲ್ಲಿ ಸುಮಾರು 200 ಇರುತ್ತೆ). ಅದೂ ಆ 40 ಸಿಗೋದು 400 ಮೀಟರ್ ಆಳದಲ್ಲಿ. 2010ರಲ್ಲಿ ಒಂದು ಸುಳಿ ಆ ಕೇಬಲ್ ಮೇಲೇ ಹಾದುಹೋಯ್ತು, ಆಗ ನೂರು ಮೀಟರ್‌ಗೂ ಮೇಲಿನ ನೀರಲ್ಲಿ ಆಕ್ಸಿಜನ್ 2ಕ್ಕಿಂತ ಕೆಳಗೆ ಬಿದ್ದಿತ್ತು. ನಲವತ್ತಲ್ಲ, ಎರಡು. ಸುತ್ತಲೂ ಚೆನ್ನಾಗಿರೋ ನೀರು, ಮಧ್ಯೆ ಬೇಲಿ ಹಾಕಿದಂಗೆ ಸತ್ತ ನೀರಿನ ಬಿಲ್ಲೆ. 2015ರಲ್ಲಿ ಆ ಪೇಪರ್ ಬಂತು, ತೆರೆದ ಅಟ್ಲಾಂಟಿಕ್‌ನ ಸತ್ತ ವಲಯ ಅಂತಲೇ ಹೆಸರಿಟ್ರು.

ಆ ಸುಳಿಗಳು ಹುಟ್ಟೋದು ಮಾರಿಟಾನಿಯಾ, ಸೆನೆಗಲ್ ಕರಾವಳಿ ಹತ್ರ. ದಿನಕ್ಕೆ ನಾಲ್ಕೈದು ಕಿಲೋಮೀಟರ್ ಸಾಗ್ತವೆ, ಮನುಷ್ಯ ಆರಾಮಾಗಿ ಒಂದು ಗಂಟೇಲಿ ನಡೆಯೋ ದೂರ ಅದಕ್ಕೆ ಇಡೀ ದಿನ. ಕೇಪ್ ವರ್ಡೆ ತಲುಪೋ ಹೊತ್ತಿಗೆ ಅರ್ಧ ವರ್ಷ ಆಗಿರುತ್ತೆ. ಅಷ್ಟೂ ದಿನ ಒಳಗೆ ಖರ್ಚು ನಡೀತಾನೇ ಇರುತ್ತೆ.

ಅಲ್ಲಿ ನನಗೆ ಮೈ ಜುಮ್ ಅನ್ಸಿದ್ದು ಬೇರೇನೇ. ಪ್ರಾಣಿಪ್ಲಾಂಕ್ಟನ್ ಅಂತ ಸಣ್ಣ ಜೀವಿಗಳಿವೆ, ರಾತ್ರಿ ಮೇಲೆ ಬಂದು ತಿಂದು ಬೆಳಗಾಗೋ ಮುಂಚೆ ಕತ್ತಲೆ ಆಳಕ್ಕೆ ಇಳಿದು ಬಚ್ಚಿಟ್ಕೊಳ್ತವೆ, ದಿನಾ. ಆ ಕೇಬಲ್‌ನಲ್ಲಿದ್ದ ಶಬ್ದದ ಉಪಕರಣ ಅವುಗಳ ಓಡಾಟ ದಾಖಲಿಸ್ತಿತ್ತು, ಸುಳಿ ಮೇಲೆ ನಿಂತಿದ್ದ ದಿನಗಳಲ್ಲಿ ಆ ಓಡಾಟ ನಿಂತುಹೋದಂಗೆ ಕಾಣುತ್ತೆ. ಕೆಳಗೆ ಇಳಿಯಕ್ಕೆ ಉಸಿರಿಲ್ಲ, ಮೇಲೇ ಇದ್ರೆ ಬೆಳಕಲ್ಲಿ ಮೀನಿನ ಬಾಯಿಗೆ.

ಆಳದಾಕೆ:

ಚೆನ್ನಾಗಿ ಹೇಳಿದ್ರಿ @ಉಪ್ಪುಗಾಳಿ, ಒಂದು ಸೇರಿಸ್ತೀನಿ. ಬರೀ ಬಾಗಿಲು ಮುಚ್ಚಿದ್ದಕ್ಕೆ ಅಷ್ಟು ಬೇಗ ಖಾಲಿ ಆಗಲ್ಲ, ಒಳಗೆ ಖರ್ಚೂ ಜಾಸ್ತಿ ಇರ್ಬೇಕು. ಸುಳಿಗಳಲ್ಲಿ ಮೂರು ಜಾತಿ ಇದೆ, ಉತ್ತರಾರ್ಧಗೋಳದ್ದು ಹೇಳ್ತೀನಿ, ದಕ್ಷಿಣಕ್ಕೆ ಹೋದ್ರೆ ತಿರುಗೋ ದಿಕ್ಕು ಉಲ್ಟಾ.

ಅಪ್ರದಕ್ಷಿಣೆ ಸುತ್ತೋದು ಒಂದು. ಇದರ ಮಧ್ಯೆ ಕೆಳಗಿನ ತಣ್ಣನೆ ಪದರ ಗುಡ್ಡದ ಥರ ಮೇಲಕ್ಕೆ ಉಬ್ಬಿರುತ್ತೆ. ಗೊಬ್ಬರದಂಥ ನೈಟ್ರೇಟ್ ಬೆಳಕಿಗೆ ಬರುತ್ತೆ, ಪಾಚಿ ಬೆಳೆಯುತ್ತೆ, ಅದರ ಜೊತೆ ಕೆಳಗಿನ ಆಕ್ಸಿಜನ್ ಇಲ್ಲದ ನೀರೂ ಮೇಲ್ಮೈ ಹತ್ರಕ್ಕೆ ಏರಿ ಕೂತಿರುತ್ತೆ. ಪ್ರದಕ್ಷಿಣೆ ಸುತ್ತೋದು ಇನ್ನೊಂದು, ಇದರಲ್ಲಿ ಬೆಚ್ಚನೆ ನೀರು ಬೋಗುಣಿ ಥರ ಕೆಳಕ್ಕೆ ತಗ್ಗಿರುತ್ತೆ, ಆಕ್ಸಿಜನ್ ಇರೋ ನೀರು ಮಾಮೂಲಿಗಿಂತ ಆಳಕ್ಕೆ ಇಳಿಯುತ್ತೆ. ಮೂರನೇದೇ ಖತರ್ನಾಕ್. ತಿರುಗೋದು ಪ್ರದಕ್ಷಿಣೆನೇ, ಆದ್ರೆ ಒಳಗೆ ಮಸೂರದ ಆಕಾರ, ಮೇಲಿನ ಪದರ ಮೇಲಕ್ಕೆ ಉಬ್ಬಿ, ಕೆಳಗಿನ ಪದರ ಕೆಳಕ್ಕೆ ತಗ್ಗಿ, ನಡುವೆ ಒಂದೇ ಸಮನಾದ ನೀರು ಸಿಕ್ಕಿಹಾಕ್ಕೊಂಡಿರುತ್ತೆ. ಮೇಲ್ಗಡೆ ನೈಟ್ರೇಟ್ ಸಿಕ್ಕಿ ಪಾಚಿ ಹುಲುಸಾಗಿ ಬೆಳೆದು, ಸತ್ತು, ನೇರ ಕೆಳಗಿರೋ ಮುಚ್ಚಿದ ನೀರಿಗೇ ಉದುರುತ್ತೆ. ಕೇಪ್ ವರ್ಡೆದು ಈ ಮೂರನೇ ಜಾತಿ. ಅದಕ್ಕೇ ಅದು ಎರಡಕ್ಕೆ ಇಳಿದದ್ದು.

ಸ್ಯಾಟಲೈಟ್‌ನಲ್ಲಿ ನೋಡಿದ್ರೆ ಇದು ಮೋಸ ಮಾಡುತ್ತೆ. ಪ್ರದಕ್ಷಿಣೆ ಸುಳಿ ಅಂದ್ರೆ ಸಮುದ್ರದ ಮಟ್ಟ ಕೆಲವು ಸೆಂಟಿಮೀಟರ್ ಉಬ್ಬಿರಬೇಕು, ಮೇಲ್ಮೈ ಬೆಚ್ಚಗಿರಬೇಕು. ಈ ಮೂರನೇದು ಉಬ್ಬಿರುತ್ತೆ, ಆದ್ರೆ ತಣ್ಣಗಿರುತ್ತೆ, ಹಸಿರಾಗಿರುತ್ತೆ. ಉಬ್ಬು ಇದ್ದು ತಣ್ಣಗಿದೆ ಅಂದ್ರೆ ಅನುಮಾನ ಪಡಿ.

ಅಲೆಮಾರಿ77:

ಸರಿ ಒಪ್ಕೊಂಡೆ, ನಾನು ಹೊಳೆಯ ಸುಳಿನೇ ನೆನಪಿಟ್ಕೊಂಡಿದ್ದೆ. ಆದ್ರೂ ಒಂದು ಪ್ರಶ್ನೆ, ಹಂಗಾದ್ರೆ ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಯಲ್ಲಿ ಏನಾಗುತ್ತೆ? ಅಲ್ಲೂ ಸುಳಿ ಜಾಸ್ತಿ ಅಲ್ವಾ, ಮುಂಗಾರು ಹಿಂಗಾರಿಗೆ ಗಾಳಿ ದಿಕ್ಕೇ ಬದಲಾಗುತ್ತೆ.

ಆಳದಾಕೆ:

ಇದು ನನ್ನ ಇಷ್ಟದ ವಿಷಯ, ಉದ್ದ ಆದ್ರೆ ಕ್ಷಮಿಸಿ. ಎರಡೂ ಒಂದೇ ಅಕ್ಷಾಂಶದಲ್ಲಿರೋ ಅಕ್ಕಪಕ್ಕದ ಸಮುದ್ರ, ಸ್ವಭಾವ ಮಾತ್ರ ಅಜಗಜಾಂತರ.

ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಐರಾವತಿ, ಮಹಾನದಿ, ಗೋದಾವರಿ, ಕೃಷ್ಣೆ ಎಲ್ಲ ಬಂದು ಸೇರ್ತವೆ, ಮೇಲಿಂದ ಮಳೆ ಬೇರೆ. ಸಿಹಿನೀರು ಹಗುರ, ಮೇಲೆ ತೇಲುತ್ತೆ, ಮುಚ್ಚಳ ಇನ್ನೂ ಬಿಗಿ. ನೋಡಿದ್ರೆ ಅಲ್ಲಿ ಆಕ್ಸಿಜನ್ ಪೂರ್ತಿ ಸೊನ್ನೆ ಆಗ್ಬೇಕಿತ್ತು. ಆಗಿಲ್ಲ. ಸೊನ್ನೆಗಿಂತ ಒಂದು ಕೂದಲೆಳೆ ಮೇಲೆ ನಿಂತಿದೆ, ಎಷ್ಟು ಸಣ್ಣ ಪ್ರಮಾಣ ಅಂದ್ರೆ ಮಾಮೂಲಿ ಸೆನ್ಸರ್‌ಗೆ ಕಾಣಲ್ಲ, 2017ರ ಹೊತ್ತಿಗೆ ತುಂಬಾ ಸೂಕ್ಷ್ಮದ ಸೆನ್ಸರ್ ಇಳಿಸಿ ನೋಡಿದಾಗ ಕಂಡಿದ್ದು. ಆ ಕೂದಲೆಳೆಯನ್ನ ಉಳಿಸ್ತಿರೋದ್ರಲ್ಲಿ ಪ್ರದಕ್ಷಿಣೆ ಸುಳಿಗಳ ಕೈವಾಡ ಇದೆ, ಬೋಗುಣಿ ಥರ ತಗ್ಗಿ ಮೇಲಿನ ಆಕ್ಸಿಜನ್ನನ್ನ ಬಡ ಪದರದ ತಲೆವರೆಗೂ ಇಳಿಸ್ತವೆ ಅಂತ ಆರ್ಗೋ ಫ್ಲೋಟ್‌ಗಳ (ಸಮುದ್ರದಲ್ಲಿ ತಾವಾಗೇ ಮುಳುಗಿ ಏಳ್ತಾ ನೀರನ್ನ ಅಳೆಯೋ ಯಂತ್ರಗಳು) ಡೇಟಾ ತೋರಿಸಿದೆ. ಅಂದ್ರೆ ಅಲ್ಲಿ ಸುಳಿ ಕಾಪಾಡೋ ಕೆಲಸ ಮಾಡ್ತಿದೆ.

ಆ ಕೂದಲೆಳೆಗೆ ಯಾಕೆ ಅಷ್ಟು ಬೆಲೆ ಅಂದ್ರೆ, ಅದು ಹೋಯ್ತು ಅಂದ್ರೆ ಬ್ಯಾಕ್ಟೀರಿಯಾ ಸುಮ್ನೆ ಕೂರಲ್ಲ, ಆಕ್ಸಿಜನ್ ಬದಲು ನೈಟ್ರೇಟ್ ಉಸಿರಾಡಕ್ಕೆ ಶುರು ಮಾಡ್ತವೆ, ನೈಟ್ರೇಟ್ ನೈಟ್ರೋಜನ್ ಗಾಳಿಯಾಗಿ ಸಮುದ್ರದಿಂದ ಹಾರಿಹೋಗುತ್ತೆ. ಪಾಚಿ ಬೆಳೆಯೋಕೆ ಬೇಕಾದ ಗೊಬ್ಬರವೇ ನಷ್ಟ. ದಾರಿಮಧ್ಯೆ ನೈಟ್ರಸ್ ಆಕ್ಸೈಡ್ ಅನ್ನೋ ಅನಿಲ ಹುಟ್ಟುತ್ತೆ, ಕಾರ್ಬನ್ ಡೈಆಕ್ಸೈಡ್‌ಗಿಂತ 270 ಪಟ್ಟು ಬಿಸಿ ಹಿಡಿಯೋದು. ಅರಬ್ಬಿ ಸಮುದ್ರದಲ್ಲಿ ಇದು ಈಗಾಗಲೇ ದೊಡ್ಡ ಮಟ್ಟದಲ್ಲಿ ನಡೀತಿದೆ, ಪೆರು ಕರಾವಳಿಯ ಸುಳಿಗಳ ಒಳಗೂ ನಡೆಯುತ್ತೆ.

ಅರಬ್ಬಿ ಸಮುದ್ರದ ಒಗಟು ಏನಂದ್ರೆ ಪಾಚಿ ಅತಿ ಹೆಚ್ಚು ಬೆಳೆಯೋದು ಪಶ್ಚಿಮದಲ್ಲಿ, ಸೊಮಾಲಿಯಾ, ಒಮಾನ್ ಕಡೆ, ಯಾಕಂದ್ರೆ ಮುಂಗಾರಿನ ಗಾಳಿ ಅಲ್ಲಿ ಕೆಳಗಿನ ನೀರನ್ನ ಮೇಲಕ್ಕೆ ಎಳೆಯುತ್ತೆ. ಹಂಗಾದ್ರೆ ಆಕ್ಸಿಜನ್ ಅತಿ ಕಮ್ಮಿ ಇರಬೇಕಾದ್ದೂ ಅಲ್ಲೇ ತಾನೇ? ಅಲ್ಲ. ತೀರಾ ಬಡ ನೀರು ಇರೋದು ಮಧ್ಯಭಾಗ ಮತ್ತು ಪೂರ್ವದ ಕಡೆ ಜರುಗಿ. ಪಶ್ಚಿಮದಲ್ಲಿ ಸುಳಿಗಳ ಗದ್ದಲ ಜಾಸ್ತಿ, ಮುಂಗಾರಲ್ಲಿ ಸೊಮಾಲಿಯಾ ಎದುರು ಗ್ರೇಟ್ ವರ್ಲ್ ಅನ್ನೋ ನೂರಾರು ಕಿಲೋಮೀಟರ್ ಅಗಲದ ದೈತ್ಯ ಸುಳಿನೇ ಎದ್ದು ನಿಲ್ಲುತ್ತೆ. ಜೊತೆಗೆ ದಕ್ಷಿಣದಿಂದ, ಕೆಂಪು ಸಮುದ್ರದಿಂದ, ಪರ್ಷಿಯನ್ ಕೊಲ್ಲಿಯಿಂದ ಬರೋ ನೀರನ್ನ ಸುಳಿಗಳು ಅಲ್ಲೆಲ್ಲ ಹರಡ್ತವೆ. ಖರ್ಚು ಜಾಸ್ತಿ ಇದ್ರೂ ಜಮಾನೂ ಜಾಸ್ತಿ. ಪೂರ್ವಕ್ಕೆ ಜಮಾ ತಲುಪೋ ಹೊತ್ತಿಗೆ ಏನೂ ಉಳಿದಿರಲ್ಲ.

ಒಂದು ಎಚ್ಚರಿಕೆ, ಭಾರತದ ಪಶ್ಚಿಮ ಕರಾವಳಿ ಪಕ್ಕದ ಆಳ ಕಮ್ಮಿ ಇರೋ ನೀರಲ್ಲಿ ಮುಂಗಾರಿನ ಕೊನೆಗೆ, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಆಕ್ಸಿಜನ್ ಬೀಳೋದನ್ನ ಇದರ ಜೊತೆ ಕಲೆಸ್ಬೇಡಿ. ಅದು ಕೆಳಗಿನ ಬಡ ನೀರು ದಡದ ಕಡೆ ಏರಿ ಬಂದು ಸಿಹಿನೀರಿನ ಮುಚ್ಚಳದ ಕೆಳಗೆ ಸಿಕ್ಕಿಹಾಕ್ಕೊಳ್ಳೋ ಕಥೆ, ಸುಳಿ ಅಲ್ಲಿ ಮುಖ್ಯ ಪಾತ್ರಧಾರಿ ಅಲ್ಲ.

ಗ್ರಿಡ್‌ಗುಮಾಸ್ತ:

ಮಾಡೆಲ್ ಓಡಿಸೋನಾಗಿ ನನ್ನದೊಂದು ಗೋಳು. ಹವಾಮಾನ ಮಾಡೆಲ್‌ಗಳು ಸಮುದ್ರವನ್ನ ಚೌಕ ಚೌಕ ಮಾಡಿ ಲೆಕ್ಕ ಹಾಕ್ತವೆ, ಹಳೇ ಮಾಡೆಲ್‌ಗಳಲ್ಲಿ ಒಂದು ಚೌಕವೇ ನೂರು ಕಿಲೋಮೀಟರ್. ಸುಳಿನೂ ನೂರು ಕಿಲೋಮೀಟರ್. ಅಂದ್ರೆ ಇಡೀ ಸುಳಿ ಒಂದು ಚೌಕದೊಳಗೆ ಮಾಯ, ಅದರ ಪರಿಣಾಮವನ್ನ ಅಂದಾಜಲ್ಲಿ ತುಂಬ್ತೀವಿ. ಆ ಅಂದಾಜು ಸ್ವಲ್ಪ ಆಕಡೆ ಈಕಡೆ ಆದ್ರೂ ಆಕ್ಸಿಜನ್ ಬಡ ಪದರ ಬೇಕಾಬಿಟ್ಟಿ ದೊಡ್ಡದಾಗುತ್ತೆ. ಚೌಕವನ್ನ ಹತ್ತು ಕಿಲೋಮೀಟರ್‌ಗೋ ಅದಕ್ಕಿಂತ ಸಣ್ಣಕ್ಕೋ ಇಳಿಸಿದ್ರೆ ಸುಳಿ ತಾನಾಗೇ ಹುಟ್ಟುತ್ತೆ, ಅರಬ್ಬಿ ಸಮುದ್ರ ನಿಜವಾದ ಅರಬ್ಬಿ ಸಮುದ್ರದ ಥರ ಕಾಣಕ್ಕೆ ಶುರುವಾಗುತ್ತೆ. ಖರ್ಚು ಮಾತ್ರ ಕೇಳ್ಬೇಡಿ, ಕಂಪ್ಯೂಟರ್ ಟೈಮ್ ಕೊಡೋರ ಹತ್ರ ಗೋಗರೆಯೋದೇ ಅರ್ಧ ಉದ್ಯೋಗ.

ಇನ್ನೊಂದು, ಸಮಭಾಜಕ ರೇಖೆ ಮೇಲೆ ಭೂಮಿ ತಿರುಗೋ ಪ್ರಭಾವ ಸೊನ್ನೆ, ಹಂಗಾಗಿ ಮೇಲೆ ಹೇಳಿದಂಥ ಗಟ್ಟಿ ಮುಚ್ಚಿದ ಸುಳಿ ಅಲ್ಲಿ ನಿಲ್ಲಲ್ಲ. ಆದ್ರೆ ಪೆಸಿಫಿಕ್‌ನಲ್ಲಿ ರೇಖೆಯ ಸ್ವಲ್ಪ ಉತ್ತರಕ್ಕೆ ತಣ್ಣನೆ ನೀರು ಬೆಚ್ಚನೆ ನೀರು ಉಜ್ಜೋ ಜಾಗದಲ್ಲಿ ಸಾವಿರ ಕಿಲೋಮೀಟರ್ ಉದ್ದದ ಅಲೆಗಳು ಡೊಂಕು ಡೊಂಕಾಗಿ ಎದ್ದು ಸುಳಿಯಾಗ್ತವೆ, 1970ರ ದಶಕದಲ್ಲಿ ಸ್ಯಾಟಲೈಟ್ ಚಿತ್ರದಲ್ಲಿ ಕಂಡವು. ಇವು ಮೇಲಿನ ಆಕ್ಸಿಜನ್ನನ್ನ ಕೆಳಕ್ಕೆ ತಳ್ತವೆ, ಅಲ್ಲಿನ ನೀರು ಮಾಮೂಲಿಗಿಂತ ತಣ್ಣಗಿರೋ ಲಾ ನಿನ್ಯಾ ವರ್ಷ ಜೋರು, ಬೆಚ್ಚಗಿರೋ ಎಲ್ ನಿನ್ಯೋ ವರ್ಷ ಮಂಕು. ಅಲ್ಲೇ ಕೆಳಗೆ ಪಶ್ಚಿಮದಿಂದ ಪೂರ್ವಕ್ಕೆ ಒಂದು ಒಳಪ್ರವಾಹ ಹರಿಯುತ್ತೆ, ಅದೂ ಆಕ್ಸಿಜನ್ ಹೊತ್ಕೊಂಡು ಬರುತ್ತೆ. ಅದಕ್ಕೇ ಪೂರ್ವ ಪೆಸಿಫಿಕ್‌ನ ಬಡ ಪದರ ನಕ್ಷೆಯಲ್ಲಿ ಉತ್ತರಕ್ಕೊಂದು ದಕ್ಷಿಣಕ್ಕೊಂದು ರೆಕ್ಕೆ ಥರ ಕಾಣೋದು, ಮಧ್ಯೆ ರೇಖೆ ಉದ್ದಕ್ಕೂ ಸ್ವಲ್ಪ ವಾಸಿ.

ನೀಲಿಗೆರೆ:

ಇಷ್ಟು ಬರೆದಿದ್ದಕ್ಕೆ ಎಲ್ರಿಗೂ ದೊಡ್ಡ ಥ್ಯಾಂಕ್ಸ್, ಎರಡು ಸಲ ಓದ್ಬೇಕಾಯ್ತು. ಮೀನಿಗೆ ಏನಾಗುತ್ತೆ ಅಂತ ಯಾರೂ ಹೇಳ್ಲಿಲ್ಲ. ಸುಳಿ ಬಂದ್ರೆ ಸಾಯ್ತವಾ ಓಡ್ತವಾ?

ಉಪ್ಪುಗಾಳಿ:

ಈಜೋವು ಓಡ್ತವೆ, ಮೇಲಕ್ಕೆ. ಟ್ಯೂನ, ಮಾರ್ಲಿನ್ ಥರ ಜೋರಾಗಿ ಈಜೋ ಮೀನಿಗೆ ಆಕ್ಸಿಜನ್ ಖರ್ಚು ಜಾಸ್ತಿ, ಅವು ಬಡ ನೀರಿಗೆ ಕಾಲಿಡಲ್ಲ (ಕಾಲಿಲ್ಲ, ಗೊತ್ತು). ಬಡ ಪದರ ಮೇಲೇರಿದಷ್ಟೂ ಮೇಲಿನ ತೆಳು ನೀರಲ್ಲಿ ಒತ್ತೊತ್ತಾಗಿ ಸೇರ್ತವೆ, ಬಲೆಗೆ ಸುಲಭಕ್ಕೆ ಸಿಗ್ತವೆ, ಹಿಡಿಯೋರಿಗೆ ಮೀನು ಜಾಸ್ತಿ ಆಗಿದೆ ಅನ್ಸುತ್ತೆ, ಅಸಲಿಗೆ ಮನೆ ಸಣ್ಣದಾಗಿರೋದು. ಪೂರ್ವ ಉಷ್ಣವಲಯದ ಅಟ್ಲಾಂಟಿಕ್‌ನಲ್ಲಿ 1960ರಿಂದ 2010ರೊಳಗೆ ಇಂಥ ಮೀನಿನ ವಾಸದ ಜಾಗ ಸುಮಾರು 15 ಶೇಕಡಾ ಕುಗ್ಗಿದೆ ಅಂತ ಲೆಕ್ಕ ಇದೆ, ಅದು ಸುಳಿಯಿಂದಲೇ ಅಂತಲ್ಲ, ಒಟ್ಟು ಬಡ ಪದರ ಹಿಗ್ಗಿದ್ದರಿಂದ. ಅದೇ ಅವಧೀಲಿ ಜಗತ್ತಿನ ಸಮುದ್ರಗಳೆಲ್ಲ ಸೇರಿ ಕಳ್ಕೊಂಡ ಆಕ್ಸಿಜನ್ 2 ಶೇಕಡಾ ಮೇಲೆ. ಎಲ್ಲಾ ಜೀವಿಗೂ ಇದು ಕೆಟ್ಟದ್ದೇ ಅಂತನೂ ಇಲ್ಲ, ಅರಬ್ಬಿ ಸಮುದ್ರದ ಲ್ಯಾಂಟರ್ನ್ ಮೀನು ಹಗಲೆಲ್ಲ ಆ ಬಡ ಪದರದಲ್ಲೇ ಬಚ್ಚಿಟ್ಕೊಂಡಿರುತ್ತೆ, ಬೇಟೆಗಾರರು ಅಲ್ಲಿಗೆ ಬರಲ್ಲ ಅನ್ನೋ ಧೈರ್ಯ.

ಗ್ರಿಡ್‌ಗುಮಾಸ್ತ:

ನಗ್ಬೇಡಿ, ಒಂದು ತಪ್ಪೊಪ್ಪಿಗೆ. ಕೆಲಸ ಕಲಿಯೋ ಕಾಲದಲ್ಲಿ ಅಟ್ಲಾಂಟಿಕ್‌ನ ಒಂದು ಆರ್ಗೋ ಫ್ಲೋಟ್ ಡೇಟಾ ತೆಗೆದು ಪ್ಲಾಟ್ ಮಾಡ್ತಿದ್ದೆ. ಅದು ಹತ್ತು ದಿನಕ್ಕೊಂದ್ಸಲ 2000 ಮೀಟರ್ ಆಳದಿಂದ ಮೇಲೆ ಬರ್ತಾ ಅಳೆಯೋ ಯಂತ್ರ. ಎಲ್ಲಾ ಗೆರೆ ಒಂದೇ ಥರ ಇತ್ತು, ಎರಡು ಮಾತ್ರ ನೂರು ಮೀಟರ್ ಹತ್ರ ದಬಕ್ಕಂತ ಎಡಕ್ಕೆ, ಅಂದ್ರೆ ಆಕ್ಸಿಜನ್ ಕಮ್ಮಿ ಇರೋ ಕಡೆಗೆ ಬಿದ್ದು ಕೆಳಗೆ ಹೋದಂಗೆ ಮತ್ತೆ ಸರಿಯಾಗಿತ್ತು. ಸೆನ್ಸರ್ ಕೆಟ್ಟಿದೆ ಅಂತ ಎರಡನ್ನೂ ಡಿಲೀಟ್ ಮಾಡಿ ನೀಟಾದ ಚಿತ್ರ ತೋರಿಸಿ ಶಭಾಷ್ ಅನ್ನಿಸ್ಕೊಂಡೆ. ಇವತ್ತು ಈ ಚರ್ಚೆ ಓದ್ತಾ ಹೊಟ್ಟೆಯೊಳಗೆ ಕಸಿವಿಸಿ.

ಆಳದಾಕೆ:

ಅಯ್ಯೋ ಪುಣ್ಯಾತ್ಮ! ಆರ್ಗೋ ಡೇಟಾ ಎಲ್ರಿಗೂ ಫ್ರೀ ಇದೆ, ಮತ್ತೆ ತೆಗೀರಿ. ಆ ತಾರೀಖಿನ ಸಮುದ್ರಮಟ್ಟದ ಸ್ಯಾಟಲೈಟ್ ನಕ್ಷೆನೂ ಸಿಗುತ್ತೆ, 1992ರಿಂದ ಈಚಿನದ್ದೆಲ್ಲ ಇದೆ. ಮೇಲಿಟ್ಟು ನೋಡಿ.

ಗ್ರಿಡ್‌ಗುಮಾಸ್ತ:

ನೋಡ್ದೆ. ಎರಡೂ ದಿನ ಫ್ಲೋಟ್ ಇದ್ದ ಜಾಗದಲ್ಲಿ ದುಂಡಗೆ ಒಂದು ಉಬ್ಬು. ತಾಪಮಾನದ ನಕ್ಷೆ ಹಾಕಿದೆ, ಅಲ್ಲೇ ತಣ್ಣಗಿನ ಕಲೆ. ಸೆನ್ಸರ್ ಸರಿಯಾಗೇ ಇತ್ತು.